ಹಿತ್ತಿಲ ಹಣ್ಣು, ಹಲ್ಲಿಲ್ಲದ ಬಾಯಿ

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ಹಣ್ಣಿಗೆ ಬರ ಇರಲಿಲ್ಲ. ತವರುಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಡಿಕೆ ತೋಟದಲ್ಲಿ ಕದಳಿ, ನೇಂದ್ರ, ಮೈಸೂರು ಬಾಳೆ. ಬಾವಿಯ ಹತ್ತಿರ ಪಪ್ಪಾಯಿ. ಅಂಗಳದ ಕೆಳಗೆ ಚಿಕ್ಕು. ಗುಡ್ಡೆಯಲ್ಲಿ ಕಾಟು (ಕಾಡು) ಮಾವು, ಹಲಸು. ಬೇಲಿ ಬದಿಯಲ್ಲಿ ಅಪ್ಪ ಆಸೆಯಿಂದ ನೆಟ್ಟ ಬೆಣ್ಣೆಹಣ್ಣಿನ ಗಿಡ. ಬರ ಇದ್ದದ್ದು ನನ್ನ ಧೈರ್ಯಕ್ಕೆ. ಹಲ್ಲೇ ಇಲ್ಲದ ಬಾಯಿಗೆ ಇದನ್ನೆಲ್ಲ ಹೇಗೆ ಕೊಡುವುದು, ಗಂಟಲಿಗೆ ಸಿಕ್ಕಿದರೆ ಎಂತ ಮಾಡುವುದು ಎಂದು ರಾತ್ರಿ ಹಾಲು ಕೊಡುವಾಗಲೂ ಯೋಚನೆ.

ಹೇಳುವವರು ಮಾತ್ರ ತುಂಬ ಜನ. ಅಜ್ಜಿ ಬಾಳೆಹಣ್ಣು ಎಂದರು. ಅತ್ತೆ ಫೋನಿನಲ್ಲಿ ಆ್ಯಪಲ್ ಎಂದರು. ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಕಾಯಿಬಾಳೆ ಒಣಗಿಸಿ ಪುಡಿ ಮಾಡಿ ಕುದಿಸಿ ಕೊಡಿ ಎಂದರು. ಎಲ್ಲರೂ ಯಾವ ಹಣ್ಣು ಎನ್ನುವುದನ್ನೇ ಹೇಳುತ್ತಿದ್ದರು. ನನಗೆ ಆಮೇಲೆ ಗೊತ್ತಾದದ್ದು, ಕೇಳಬೇಕಾದ ಪ್ರಶ್ನೆಯೇ ಬೇರೆ ಎಂದು. ಆ ಹಣ್ಣು ಯಾವ ರೂಪದಲ್ಲಿ ಬಾಯಿಗೆ ಹೋಗುತ್ತದೆ, ಮಗು ಹೇಗೆ ಕೂತಿದೆ, ಪಕ್ಕದಲ್ಲಿ ಯಾರಿದ್ದಾರೆ. ಈ ಮೂರು ಸರಿ ಇದ್ದರೆ ಹಿತ್ತಿಲಿನ ಹೆಚ್ಚಿನ ಹಣ್ಣುಗಳೂ ಆಗುತ್ತವೆ. ಸರಿ ಇಲ್ಲದಿದ್ದರೆ ಬಾಳೆಹಣ್ಣೂ ಅಪಾಯವೇ.

ಆರು ತಿಂಗಳು ಎನ್ನುವುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಅಲ್ಲಿಯವರೆಗೆ ಬರೀ ಎದೆಹಾಲು, ಆಮೇಲೆ ಹಾಲಿನ ಜೊತೆಗೆ ಬೇರೆ ಆಹಾರ. ಆದರೆ ಕ್ಯಾಲೆಂಡರ್ ಒಂದನ್ನೇ ನೋಡಿದರೆ ಸಾಲದು ಎಂದವರು ಅಂಗನವಾಡಿಯ ಟೀಚರ್. ತಿಂಗಳ ತೂಕ ನೋಡಲು ಹೋದಾಗ ಅವರು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಒಂದೊಂದೇ ತೋರಿಸಿದರು. ಸ್ವಲ್ಪ ಆಧಾರ ಕೊಟ್ಟರೆ ನೆಟ್ಟಗೆ ಕೂರುತ್ತಾಳಾ? ಕುತ್ತಿಗೆ ಗಟ್ಟಿ ನಿಂತಿದೆಯಾ? ನಾವು ಉಣ್ಣುವಾಗ ಬಾಯಿಯನ್ನೇ ನೋಡುತ್ತಾಳಾ? ಚಮಚ ತುಟಿಗೆ ತಾಗಿದಾಗ ನಾಲಗೆಯಿಂದ ಹೊರಗೆ ದೂಡುವುದು ಕಡಿಮೆ ಆಗಿದೆಯಾ?

“ನಾಲಗೆ ದೂಡುತ್ತಾ ಇದ್ದರೆ ಅವಸರ ಮಾಡಬೇಡಿ, ಆಯಿತಾ? ಎರಡು ದಿನ ಬಿಟ್ಟು ಮತ್ತೆ ನೋಡಿ” ಎಂದರು ಟೀಚರ್.

ಅವರೇ ಅಮೃತಂ ಪುಡಿಯ ಪ್ಯಾಕೆಟ್ ಕೊಟ್ಟರು. ಗೋಧಿ, ಕಡಲೆ, ನೆಲಕಡಲೆ, ಸೋಯಾ, ಸಕ್ಕರೆ ಸೇರಿಸಿ ಕೇರಳದ ಮಹಿಳಾ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ಹೆಂಗಸರು ಮಾಡುವ ಪುಡಿ ಅದು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಕೇರಳದಲ್ಲೆಲ್ಲ ಅಂಗನವಾಡಿಯಿಂದ ಸಿಗುತ್ತದೆ. ಅದನ್ನು ರೂಪಿಸಿದ್ದು ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಎಂದು ಗೊತ್ತಾದಾಗ ಅಪ್ಪನಿಗೆ ಭಾರೀ ಖುಷಿ. ಆದರೆ ಅದರಲ್ಲಿ ಹಲವು ಧಾನ್ಯ ಒಟ್ಟಿಗೆ ಇವೆ, ನೆಲಕಡಲೆಯೂ ಇದೆ. ಯಾವುದಾದರೂ ಒಗ್ಗದಿದ್ದರೆ ಯಾವುದೆಂದು ತಿಳಿಯುವುದಿಲ್ಲ ಅಲ್ವಾ? ಹಾಗಾಗಿ ನಾವು ಮೊದಲು ಬರೀ ರಾಗಿ ಮಣ್ಣಿ, ಅಂದರೆ ಮೆತ್ತಗಿನ ರಾಗಿ ಗಂಜಿಯಿಂದ ಶುರು ಮಾಡಿದೆವು. ಅದು ಒಗ್ಗಿದ ಮೇಲೆ ಹಣ್ಣು.

ಮನೆಯಲ್ಲಿ ಮೊದಲ ಚರ್ಚೆ ಬಂದದ್ದು ಹಣ್ಣಿನ ಬಗ್ಗೆ ಅಲ್ಲ, ಕೂರಿಸುವುದರ ಬಗ್ಗೆ. ಅಜ್ಜಿ ಮಕ್ಕಳಿಗೆ ತಿನ್ನಿಸುತ್ತಿದ್ದದ್ದು ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ, ಒಳಲೆಯಲ್ಲಿ (ಮೂತಿ ಇರುವ ಸಣ್ಣ ಬಟ್ಟಲು) ಮಣ್ಣಿ ಹೊಯ್ಯುತ್ತಾ. ನಮ್ಮ ಅಮ್ಮನನ್ನೂ ಮಾವಂದಿರನ್ನೂ ಹಾಗೆಯೇ ಸಾಕಿದವರು. ಮಲಗಿದ ಮಗುವಿನ ಬಾಯಿಗೆ ಹೊಯ್ದದ್ದು ತನ್ನಷ್ಟಕ್ಕೆ ಗಂಟಲಿಗೆ ಇಳಿಯುತ್ತದೆ. ಬೇಡ ಎಂದರೂ ಮಗು ತಡೆಯಲಾರದು. ಉಸಿರು ಎಳೆಯುವ ಹೊತ್ತಿಗೇ ಹೊಯ್ದರೆ ಶ್ವಾಸನಾಳಕ್ಕೇ ಹೋಗಬಹುದು. ಇದನ್ನು ಅಜ್ಜಿಗೆ ಹೇಗೆ ಹೇಳುವುದು ಎಂದು ನನಗೆ ಸಂಕೋಚ. ಕೊನೆಗೆ ನೇರವಾಗಿಯೇ ಹೇಳಿದೆ.

“ಅಜ್ಜಿ, ನೀವೇ ತಿನ್ನಿಸಿ. ಆದರೆ ಮಡಿಲಲ್ಲಿ ಕೂರಿಸಿಕೊಂಡು ತಿನ್ನಿಸುವ, ಆಗದಾ?”

“ಕೂತರೆ ಇಳಿಯುತ್ತದಾ ಮಗಳೇ? ಎಲ್ಲ ಹೊರಗೆ ಬರುತ್ತದೆ.”

“ಹೊರಗೆ ಬಂದದ್ದು ಬರಲಿ. ಅವಳಿಗೆ ಬೇಡದ್ದು ಹೊರಗೆ ಬರಲೇಬೇಕು ಅಜ್ಜಿ.”

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಗೋಡೆಗೆ ಒರಗಿ ಕೂತು, ಮಗಳ ಬೆನ್ನನ್ನು ತನ್ನ ಹೊಟ್ಟೆಗೆ ಒರಗಿಸಿ, “ಹೀಗೆ ಆದೀತಾ?” ಎಂದು ಕೇಳಿದರು. ಹಾಗೇ ಆಗಬೇಕಿತ್ತು. ಚಮಚ ಹಿಡಿದು ನಾನು ಎದುರು ಕೂತೆ. ಮುಖ ಕಾಣುವ ಹಾಗೆ ಎದುರು ಒಬ್ಬರು ಇರಲೇಬೇಕು. ಹಿಂದಿನಿಂದ ತಿನ್ನಿಸಿದರೆ ಮಗುವಿನ ಬಾಯಿಯಲ್ಲಿ ಎಂತ ನಡೆಯುತ್ತಿದೆ ಎಂದು ಕಾಣುವುದಿಲ್ಲ.

ಬಾಳೆಹಣ್ಣೇ ಮೊದಲು ಆಯಿತು. ಕದಳಿ ಆರಿಸಿದ್ದಕ್ಕೆ ಕಾರಣ ಇದೆ. ಸಣ್ಣ ಹಣ್ಣು, ಸಿಪ್ಪೆ ತೆಳು, ಚೆನ್ನಾಗಿ ಹಣ್ಣಾದರೆ ಬೆಣ್ಣೆಯಷ್ಟು ಮೆತ್ತಗೆ. ಮೈಸೂರು ಬಾಳೆ ಸ್ವಲ್ಪ ಹುಳಿ ಉಳಿಸಿಕೊಂಡಿರುತ್ತದೆ. ಗೊನೆಯಿಂದ ಚುಕ್ಕಿ ಬಿದ್ದ ಹಣ್ಣು ಕಿತ್ತು, ಸಿಪ್ಪೆ ಸಮೇತ ತೊಳೆದು, ಆಮೇಲೆ ಸುಲಿದೆ. ಸಿಪ್ಪೆ ಬಿಸಾಡುವುದೇ ಆದರೂ ತೊಳೆಯಬೇಕು, ಸುಲಿಯುವಾಗ ಹೊರಗಿನ ಕೊಳೆ ಕೈಯಿಂದ ಹಣ್ಣಿಗೆ ಬರುತ್ತದೆ. ಸ್ಟೀಲ್ ಬಟ್ಟಲಿನಲ್ಲಿ ಚಮಚದ ಬೆನ್ನಿನಿಂದ ಕಿವುಚಿ, ಎರಡು ಮೂರು ಹನಿ ಎದೆಹಾಲು ಸೇರಿಸಿದೆ. ಗಂಟು ಉಳಿಯದ ಹಾಗೆ, ಆದರೆ ನೀರು ನೀರಾಗದ ಹಾಗೆ. ಚಮಚ ಓರೆ ಮಾಡಿದರೆ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಮೊದಲ ದಿನ ಕೊಟ್ಟದ್ದು ಚಮಚದ ತುದಿಯಲ್ಲಿ ಒಂದೆರಡು ಸಲ, ಅಷ್ಟೇ. ಮುಖ ಹಿಂಡಿದಳು, ಚಪ್ಪರಿಸಿದಳು, ಮತ್ತೆ ಬಾಯಿ ತೆರೆದಳು.

ಹೊಸದು ಯಾವುದೇ ಆದರೂ ಬೆಳಿಗ್ಗೆ ಕೊಡುವುದು ಎಂದು ಇಟ್ಟುಕೊಂಡೆವು. ಏನಾದರೂ ಆದರೆ ಹಗಲು ಹೊತ್ತು, ಬದಿಯಡ್ಕಕ್ಕೆ ಆಟೋ ಸಿಗುತ್ತದೆ, ಡಾಕ್ಟರ್ ಇರುತ್ತಾರೆ. ಒಂದು ಹೊಸ ಹಣ್ಣು ಕೊಟ್ಟ ಮೇಲೆ ಎರಡು ಮೂರು ದಿನ ಇನ್ನೊಂದು ಹೊಸದು ಇಲ್ಲ. ಬಾಯಿ ಸುತ್ತ ಸ್ವಲ್ಪ ಕೆಂಪಾಗುವುದು ಹುಳಿ ಹಣ್ಣಿಗೆ ಸಾಮಾನ್ಯ, ಒದ್ದೆ ಬಟ್ಟೆಯಿಂದ ಒರೆಸಿದರೆ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಮೈಯೆಲ್ಲ ದದ್ದು, ದಡಿಕೆ ಎದ್ದರೆ, ತುಟಿ ಕಣ್ಣು ಊದಿದರೆ, ಮೇಲಿಂದ ಮೇಲೆ ವಾಂತಿ ಆದರೆ, ಉಸಿರಿಗೆ ಕಷ್ಟ ಆದರೆ ಮನೆಮದ್ದು ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆ.

ಬಾಳೆಹಣ್ಣು ಶುರು ಮಾಡಿದ ಮೇಲೆ ಒಂದು ದಿನ ಬಟ್ಟೆ ಬದಲಿಸುತ್ತಿದ್ದ ಅಮ್ಮ ಜೋರಾಗಿ ಕರೆದಳು. ಮಲದಲ್ಲಿ ಕಪ್ಪು ಕಪ್ಪು ನೂಲಿನ ಎಳೆಯಂಥದ್ದು. “ಹುಳ ಆಗಿದೆ ಮಾರಾಯ್ತಿ!” ನಾನೂ ಬಗ್ಗಿ ನೋಡಿದೆ. ಅಲುಗಾಡುತ್ತಿರಲಿಲ್ಲ. ಎಲ್ಲವೂ ಸಣ್ಣ ಸಣ್ಣ ದಾರದ ತುಂಡಿನ ಹಾಗೆ. ಫೋಟೋ ತೆಗೆದು ಟೀಚರ್‌ಗೆ ಕಳಿಸಿದೆ. ಅವರಿಗೆ ಇದು ಹೊಸತೇ ಅಲ್ಲ. ಬಾಳೆಹಣ್ಣಿನ ನಡುವೆ ಇರುವ ನಾರು ಕರಗದೆ ಹಾಗೇ ಹೊರಗೆ ಬರುವಾಗ ಕಪ್ಪಾಗಿ ಕಾಣುತ್ತದೆ, ತೊಂದರೆ ಇಲ್ಲ ಎಂದರು. ಪಪ್ಪಾಯಿ ತಿಂದ ದಿನ ಕಿತ್ತಳೆ ಬಣ್ಣ ಬರುವುದೂ ಹಾಗೆಯೇ. ಇದನ್ನು ಮೊದಲೇ ಗೊತ್ತು ಮಾಡಿಕೊಂಡರೆ ಎಷ್ಟೋ ಮನೆಗಳಲ್ಲಿ ಸುಮ್ನೆ ಗಾಬರಿ ತಪ್ಪುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೇಂದ್ರವನ್ನು ಹಸಿಯಾಗಿ ಕೊಡಲಿಲ್ಲ. ಅದು ಹಣ್ಣಾದರೂ ಗಟ್ಟಿ. ಇಡ್ಲಿಯ ಅಟ್ಟಿನಳಗೆಯಲ್ಲಿ ಸಿಪ್ಪೆ ಸಮೇತ ಬೇಯಿಸಿ, ಉದ್ದಕ್ಕೆ ಸೀಳಿ, ನಡುವಿನ ಕಪ್ಪು ಬೀಜದ ಎಳೆಯನ್ನು ಚಮಚದ ತುದಿಯಿಂದ ಎಬ್ಬಿಸಿ ತೆಗೆದು, ಉಳಿದದ್ದನ್ನು ಕಿವುಚುವುದು. ಇದನ್ನು ಚೇಚಿಯಿಂದ ಕಲಿತೆ. ಬೇಯಿಸಿದ ನೇಂದ್ರಕ್ಕೆ ಬರುವ ಸಿಹಿ ಎಷ್ಟೆಂದರೆ ಸಕ್ಕರೆ, ಬೆಲ್ಲ ಯಾವುದೂ ಬೇಕಾಗುವುದಿಲ್ಲ. ಒಂದು ವರ್ಷದವರೆಗೆ ಅವಳ ಬಟ್ಟಲಿಗೆ ಉಪ್ಪು, ಸಕ್ಕರೆ ಹಾಕುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದೆವು. ಅಮೃತಂ ಪುಡಿಯಲ್ಲಿ ಸಕ್ಕರೆ ಇರುವ ಕಾರಣ ಅದನ್ನು ಆಮೇಲೆ ಹಿತಮಿತವಾಗಿ ಕೊಟ್ಟೆವು, ಅದರ ಜೊತೆಗೆ ಬೇರೆ ಸಿಹಿ ಸೇರಿಸಲಿಲ್ಲ.

ಪಪ್ಪಾಯಿಗೆ ಅವಳು ಬೇಗ ಒಲಿದಳು. ಚೆನ್ನಾಗಿ ಹಣ್ಣಾದದ್ದೇ ಆಗಬೇಕು, ಅರೆಹಣ್ಣಿನಲ್ಲಿ ಹಾಲು ಉಳಿದಿರುತ್ತದೆ. ಬೀಜ, ಬೀಜಕ್ಕೆ ಅಂಟಿದ ಲೋಳೆ ಎರಡನ್ನೂ ಪೂರ್ತಿ ಕೆರೆದು ತೆಗೆಯುತ್ತಿದ್ದೆ. ಬಾಳೆ ಹೆಚ್ಚಾಗಿ ಹೊಟ್ಟೆ ಗಟ್ಟಿ ಆದಾಗ ಪಪ್ಪಾಯಿ ಕೊಟ್ಟರೆ ಸಲೀಸು. ರಾಗಿ ಮಣ್ಣಿ ಕೊಟ್ಟ ಹೊತ್ತಿಗೇ ಎರಡು ಚಮಚ ಪಪ್ಪಾಯಿ ಕೊಡುವುದು ನಮ್ಮ ಅಭ್ಯಾಸ ಆಯಿತು. ಅದರಲ್ಲಿರುವ ವಿಟಮಿನ್ ಸಿ, ಧಾನ್ಯ ಬೇಳೆಗಳಲ್ಲಿರುವ ಕಬ್ಬಿಣ ದೇಹಕ್ಕೆ ಸೇರಲು ಸಹಾಯ ಮಾಡುತ್ತದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಣ್ಣು ಸಿಹಿ, ಮಗು ಬೇಗ ಬಾಯಿ ತೆರೆಯುತ್ತದೆ, ಹಾಗಾಗಿ ದಿನವಿಡೀ ಹಣ್ಣೇ ತಿನ್ನಿಸುವ ಆಸೆ ಆಗುತ್ತದೆ. ಆದರೆ ಆರು ತಿಂಗಳ ಮೇಲೆ ಮಗುವಿಗೆ ತುರ್ತಾಗಿ ಬೇಕಾದದ್ದು ಕಬ್ಬಿಣ. ಅದು ಎದೆಹಾಲಿನಲ್ಲಿ ಸಾಲದು, ಹಣ್ಣಿನಲ್ಲೂ ಸಾಲದು. ಬೇಳೆ, ರಾಗಿ, ಮೊಟ್ಟೆ, ಮೀನು, ಮಾಂಸ, ಅವರವರ ಮನೆಯ ಪದ್ಧತಿಯಲ್ಲಿ ಇರುವುದು ಮೊದಲು ಹೊಟ್ಟೆಗೆ ಹೋಗಬೇಕು. ಹಣ್ಣು ಅದರ ಜೊತೆಗೆ.

ಚಿಕ್ಕುವಿನ ಬೀಜವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಕಪ್ಪಗೆ ಹೊಳೆಯುವ, ಚಪ್ಪಟೆಯ ಬೀಜ. ಒಂದು ತುದಿಯಲ್ಲಿ ಸಣ್ಣ ಕೊಕ್ಕೆ ಇದೆ. ನಾನು ಇಷ್ಟು ವರ್ಷ ಚಿಕ್ಕು ತಿಂದರೂ ಅದನ್ನು ಗಮನಿಸಿಯೇ ಇರಲಿಲ್ಲ. ನುಂಗಿದರೆ ಆ ಕೊಕ್ಕೆ ಗಂಟಲಿನಲ್ಲಿ ಹಿಡಿದುಕೊಳ್ಳಬಹುದು. ಅಂದಿನಿಂದ ಚಿಕ್ಕು ಕೊಡುವಾಗ ಬೀಜ ಎಣಿಸಿ ಬದಿಗೆ ಇಡುತ್ತೇನೆ, ತುಂಡಾಗಿ ಉಳಿದಿದೆಯಾ ಎಂದು ತಿರುಳನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ.

ಮಾವಿನ ಕಾಲ ಬಂದಾಗ ಏಳು ತಿಂಗಳು ದಾಟಿತ್ತು. ಗುಡ್ಡೆಯಿಂದ ಅಪ್ಪ ಬುಟ್ಟಿ ತುಂಬ ಕಾಟು ಮಾವು ತಂದರು. ಅದರ ಸೊನೆ ನಮ್ಮ ಚರ್ಮವನ್ನೇ ಸುಡುತ್ತದೆ, ಅವಳ ಕೆನ್ನೆ ಬಿಡುತ್ತದಾ? ತೊಟ್ಟು ಮುರಿದು, ಕವುಚಿ ಇಟ್ಟು, ಸೊನೆ ಪೂರ್ತಿ ಇಳಿದ ಮೇಲೆ ತೊಳೆದು, ಸಿಪ್ಪೆಯನ್ನು ದಪ್ಪಕ್ಕೆ ತೆಗೆಯುತ್ತಿದ್ದೆ. ಮಾವು, ಗೇರು ಎರಡೂ ಒಂದೇ ಕುಟುಂಬದವು. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯನ್ನು ಹೇಗೆ ಸುಡುತ್ತದೆ ಎಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಕಾಟು ಮಾವಿನಲ್ಲಿ ನಾರು ಜಾಸ್ತಿ. ರಸ ಹಿಂಡಿ, ಸ್ಟೀಲ್ ಜರಡಿಯಲ್ಲಿ ಸೋಸಿ, ದಪ್ಪ ತಿರುಳನ್ನು ಮಾತ್ರ ರಾಗಿಗೆ ಸೇರಿಸಿದೆ. ಗೊರಟು ಚೀಪಲು ಕೊಡೋಣ ಎಂದು ದೊಡ್ಡಮ್ಮ ಹೇಳಿದರು. ಎಲ್ಲ ಮಕ್ಕಳೂ ಗೊರಟು ಚೀಪಿಯೇ ದೊಡ್ಡವರಾದದ್ದು, ನಿಜ. ಆದರೆ ಕಾಟು ಮಾವಿನ ಗೊರಟು ಸಣ್ಣದು, ಚೀಪಿದಷ್ಟೂ ಜಾರುತ್ತದೆ. ನಾನು ಒಪ್ಪಲಿಲ್ಲ. ದೊಡ್ಡಮ್ಮನೂ ಬೇಸರ ಮಾಡಿಕೊಳ್ಳಲಿಲ್ಲ.

ಪೇಟೆಯ ಮಾವು ತರಬೇಡಿ ಎಂದು ಅಪ್ಪನಿಗೆ ಹೇಳುವ ಅಗತ್ಯವೂ ಬರಲಿಲ್ಲ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಿಷೇಧ ಇದ್ದರೂ ಅವರಿಗೆ ನಂಬಿಕೆ ಇಲ್ಲ. ಬೈಹುಲ್ಲಿನಲ್ಲಿ ಇಟ್ಟು ಹಣ್ಣಾದದ್ದೇ ಆಗಬೇಕು. ಆ ಭಯಕ್ಕೆ ಕಾರಣ ಇದೆ. ಪಕ್ಕದ ಎಣ್ಮಕಜೆ, ಬೆಳ್ಳೂರು ಕಡೆ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಣ್ಣಾರೆ ಕಂಡವರು ಅವರು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ದೇಶದಲ್ಲೇ ತಡೆಯಿತು. ಆದರೆ ಆ ಮನೆಗಳ ಮಕ್ಕಳ ಸ್ಥಿತಿ ನೋಡಿದವರಿಗೆ ಹಸುಗೂಸಿನ ಬಾಯಿಗೆ ಹೋಗುವ ಹಣ್ಣು ಎಲ್ಲಿಂದ ಬಂತು ಎಂದು ಕೇಳದೆ ಇರಲಾಗುವುದಿಲ್ಲ. ಅಂಗಡಿಯಿಂದ ದ್ರಾಕ್ಷಿ, ಆ್ಯಪಲ್ ತಂದರೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಆ್ಯಪಲ್‌ನ ಸಿಪ್ಪೆ ತೆಗೆದೇ ಬೇಯಿಸುತ್ತೇವೆ.

ಇನ್ನೊಂದು ಎಚ್ಚರಿಕೆ ಬಾವಲಿಯದ್ದು. 2018ರಲ್ಲಿ ಕೋಝಿಕ್ಕೋಡ್‌ನಲ್ಲಿ ನಿಪಾ ಬಂದಾಗಿನಿಂದ ಕೇರಳದಲ್ಲಿ ಇದನ್ನು ಎಲ್ಲರೂ ಹೇಳುತ್ತಾರೆ. ಹಣ್ಣು ತಿನ್ನುವ ಬಾವಲಿಗಳ ಜೊಲ್ಲಿನಿಂದ ಆ ವೈರಸ್ ಬರಬಹುದು. ಕಚ್ಚಿದ ಗುರುತು ಇರುವ, ಗೀರು ಬಿದ್ದ, ರಾತ್ರಿ ಉದುರಿ ಬಿದ್ದ ಹಣ್ಣನ್ನು ದೊಡ್ಡವರೂ ತಿನ್ನಬಾರದು, ಮಗುವಿಗಂತೂ ಬೇಡವೇ ಬೇಡ. ಕಚ್ಚಿದ ಭಾಗ ಕತ್ತರಿಸಿ ತೆಗೆದರೆ ಸಾಕು ಎನ್ನುವುದೂ ಸರಿಯಲ್ಲ. ಬೆಳಗ್ಗೆ ಮರದಡಿಯಲ್ಲಿ ಹೆಕ್ಕಿ ತರುವ ಮಾವು, ಪೇರಳೆ (ಸೀಬೆ) ಎಷ್ಟು ಚೆನ್ನಾಗಿ ಕಂಡರೂ ಅವಳ ಬಟ್ಟಲಿಗೆ ಬರಲಿಲ್ಲ. ಮರದಿಂದ ಕೊಯ್ದದ್ದು ಮಾತ್ರ.

ಅನ್ನಪ್ರಾಶನದ ದಿನ ನನಗೆ ಹೆಚ್ಚು ತಲೆಬಿಸಿ ಮಾಡಿದ್ದು ಜೇನು. ನಮ್ಮಲ್ಲಿ ಜೇನುಪೆಟ್ಟಿಗೆ ಇದೆ, ಶುದ್ಧ ಜೇನು, ಮಗುವಿನ ನಾಲಗೆಗೆ ಒಂದು ಬೊಟ್ಟು ಹಚ್ಚಿದರೆ ಒಳ್ಳೆಯದು ಎನ್ನುವುದು ಎಲ್ಲರ ಮಾತು. ಜೇನು ಶುದ್ಧವಾ ಅಲ್ಲವಾ ಎನ್ನುವುದು ಇಲ್ಲಿ ವಿಷಯವೇ ಅಲ್ಲ. ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆಯಲ್ಲಿ ಅದಕ್ಕೆ ಬೆಳೆಯಲು ಆಗುವುದಿಲ್ಲ. ಒಂದು ವರ್ಷದ ಒಳಗಿನ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟು ಮಾಡಬಹುದು, ಮೈ ಸೋತು ಉಸಿರಾಟಕ್ಕೇ ತೊಂದರೆ ಆಗಬಹುದು. ಬೊಟ್ಟಿನಷ್ಟಾದರೂ ಬೇಡ. ಹಿಂದಿನ ದಿನವೇ ಭಟ್ಟರಿಗೆ ಫೋನ್ ಮಾಡಿ ಕೇಳಿದೆ. “ಅದಕ್ಕೆಂತ, ಅನ್ನವೇ ಮುಖ್ಯ. ಕದಳಿ ಹಣ್ಣು ಕಿವುಚಿ ಇಡಿ, ಸಾಕು” ಎಂದರು. ಅವರು ಹೇಳಿದ್ದರಿಂದ ಮತ್ತೆ ಯಾರೂ ಮಾತಾಡಲಿಲ್ಲ.

ಹಣ್ಣಿನ ರಸದ ಬಗ್ಗೆಯೂ ಹೀಗೇ ಗಟ್ಟಿ ನಿಲ್ಲಬೇಕಾಯಿತು. ಬೇಸಿಗೆ, ಮಗು ಬೆವರುತ್ತದೆ, ಮೂಸಂಬಿ ರಸ ಕೊಡಿ ಎಂದು ಬಂದವರೆಲ್ಲ ಹೇಳುತ್ತಿದ್ದರು. ರಸದಲ್ಲಿ ನಾರು ಹೋಗಿ ಸಿಹಿ ಮಾತ್ರ ಉಳಿಯುತ್ತದೆ. ಹೊಟ್ಟೆ ತುಂಬಿ ಹಾಲು ಕುಡಿಯುವುದು ಕಡಿಮೆ ಆಗುತ್ತದೆ. ನಮ್ಮ ದೇಶದ ಮಕ್ಕಳ ತಜ್ಞರು ಎರಡು ವರ್ಷದವರೆಗೆ ರಸವೇ ಬೇಡ ಎನ್ನುತ್ತಾರೆ. ಕುದಿಸಿ ಆರಿಸಿದ ನೀರು, ಊಟದ ಜೊತೆ ಒಂದೆರಡು ಗುಟುಕು, ಲೋಟದಿಂದ.

ಬಲೆಯ ಚೀಲದೊಳಗೆ ಹಣ್ಣು ಹಾಕಿ ಚೀಪಲು ಕೊಡುವ ಫೀಡರನ್ನು ಅತ್ತಿಗೆ ಮಂಗಳೂರಿನಿಂದ ತಂದುಕೊಟ್ಟಿದ್ದರು. ಹಲ್ಲು ಬರುವಾಗ ತಂಪು ಪಪ್ಪಾಯಿ ಹಾಕಿ ಕೊಟ್ಟೆ, ಖುಷಿಪಟ್ಟಳು. ಆದರೆ ಬಲೆಯ ಸಂದಿಯಲ್ಲಿ ಸಿಕ್ಕಿದ ನಾರು ತೆಗೆಯಲು ಹಳೆಯ ಬ್ರಶ್ಶೇ ಬೇಕು. ಮಳೆ ಶುರುವಾದ ಮೇಲೆ ಬಿಸಿನೀರಿನಲ್ಲಿ ಹಾಕಿದರೂ ಒಣಗದೆ ವಾಸನೆ ಬರುತ್ತಿತ್ತು. ಅದನ್ನು ಬಿಟ್ಟುಬಿಟ್ಟೆ. ಅದರಲ್ಲಿ ಬರೀ ಚೀಪುತ್ತಾಳೆ, ಅಗಿಯಲು ಕಲಿಯುವುದಿಲ್ಲ ಎನ್ನುವುದೂ ಒಂದು ಕಾರಣ.

ಅಗಿಯುವುದನ್ನು ಕಲಿಸಲೇಬೇಕು. ಒಂಬತ್ತು ತಿಂಗಳು ದಾಟಿದರೂ ನುಣ್ಣಗೆ ಅರೆದದ್ದನ್ನೇ ಕೊಡುತ್ತಾ ಹೋದರೆ ಮುಂದೆ ಗಟ್ಟಿ ಆಹಾರಕ್ಕೆ ಮಕ್ಕಳು ಹಠ ಮಾಡುವುದು ಹೆಚ್ಚು. ಎಂಟು ತಿಂಗಳ ಹೊತ್ತಿಗೆ ಕಿವುಚಿದ್ದರಲ್ಲಿ ಸಣ್ಣ ಗಂಟು ಬಿಡುತ್ತಾ ಬಂದೆ. ಆಮೇಲೆ ಕೈಗೆ ಕೊಡಲು ಶುರು ಮಾಡಿದೆ. ನನ್ನ ಪರೀಕ್ಷೆ ಒಂದೇ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲ ಒತ್ತಬೇಕು, ಅದು ಪಿಚಕ್ಕನೆ ಒಡೆಯಬೇಕು. ಒಡೆದರೆ ಅವಳ ವಸಡಿಗೆ ಸಾಕು, ಹಲ್ಲು ಬೇಡ. ಒಡೆಯದಿದ್ದರೆ ಬೇಯಿಸಬೇಕು, ಇಲ್ಲವೇ ತುರಿಯಬೇಕು. ಹಸಿ ಆ್ಯಪಲ್ ತುಂಡು ಈ ಪರೀಕ್ಷೆಯಲ್ಲಿ ಯಾವತ್ತೂ ಪಾಸಾಗುವುದಿಲ್ಲ.

ಆಕಾರವೂ ಅಷ್ಟೇ ಮುಖ್ಯ. ಮಗುವಿನ ಶ್ವಾಸನಾಳ ಹೆಚ್ಚುಕಡಿಮೆ ಅದರ ಕಿರುಬೆರಳಿನಷ್ಟೇ ದಪ್ಪ. ದುಂಡಗಿನ, ಜಾರುವ ವಸ್ತು ಅಲ್ಲಿ ಸರಿಯಾಗಿ ಬಿರಡೆ ಹಾಕಿ ಕೂರುತ್ತದೆ. ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದರೆ ಅದೇ ತೊಂದರೆ. ಕದಳಿಯ ತುದಿಗೆ ಬೆರಳು ಒತ್ತಿದರೆ ತಾನಾಗಿ ಉದ್ದಕ್ಕೆ ಮೂರು ಸೀಳಾಗುತ್ತದೆ. ಆ ಸೀಳು ಅವಳ ಮುಷ್ಟಿಗೆ ಹಿಡಿಯಲು ಸರಿ, ತುದಿ ಹೊರಗೆ ಉಳಿಯುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ, ಬೀಜ ಇದ್ದರೆ ತೆಗೆದು. ಅಡ್ಡ ಕತ್ತರಿಸಿದರೆ ಅದು ಮತ್ತೂ ದುಂಡಗೇ ಇರುತ್ತದೆ. ಬಚ್ಚಂಗಾಯಿಯ (ಕಲ್ಲಂಗಡಿ) ಬೀಜ, ಮೂಸಂಬಿಯ ತೊಳೆಯ ಸಿಪ್ಪೆ, ದಾಳಿಂಬೆಯ ಇಡೀ ಕಾಳು, ಇವೆಲ್ಲ ಸದ್ಯಕ್ಕೆ ದೂರ.

ತುಳುವ ಹಲಸು ನೋಡಲು ಮೆತ್ತಗೆ, ಆದರೆ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ ಹಣ್ಣು ಅದೇ. ಅದು ಒಡೆಯುವುದಿಲ್ಲ, ಜಾರುತ್ತದೆ. ನಾಲಗೆಗೆ ಸಿಗುವ ಮೊದಲೇ ಇಡೀ ತೊಳೆ ಗಂಟಲಿಗೆ ಹೋಗುತ್ತದೆ. ಒಳಗಿನ ಬೀಜ ತೆಗೆದು, ಜರಡಿಯಲ್ಲಿ ಉಜ್ಜಿ, ನಾರೆಲ್ಲ ಮೇಲೆ ಉಳಿಸಿ, ಕೆಳಗೆ ಬಂದ ರಸಾಯನದಂಥದ್ದನ್ನು ಮಾತ್ರ ಎರಡು ಚಮಚ ಕೊಟ್ಟೆ. ಗಟ್ಟಿ ತೊಳೆಯ ಬಕ್ಕೆ ಹಲಸು ಇನ್ನೂ ಬೇಡ ಎಂದು ಇಟ್ಟಿದ್ದೇವೆ.

ಬೇಯಿಸಿದ ನೇಂದ್ರದ ಸೀಳು ಕೈಗೆ ಕೊಟ್ಟಾಗಲೇ ಒಂದು ದಿನ ಅವಳು ದೊಡ್ಡ ತುಂಡು ಕಚ್ಚಿ ಹಿಂದಕ್ಕೆ ತಳ್ಳಿಕೊಂಡಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು, ನಾಲಗೆ ಮುಂದಕ್ಕೆ, ವ್ಯಾ ವ್ಯಾ ಎಂದು ಶಬ್ದ. ಅಮ್ಮ ಬೆರಳು ಹಾಕಲು ಧಾವಿಸಿದಳು. ನಾನು ಅವಳ ಕೈ ಹಿಡಿದೆ. “ಅಮ್ಮಾ, ತಡಿ. ಶಬ್ದ ಬರ್ತಾ ಉಂಟಲ್ಲ.” ಮಗಳು ಕೆಮ್ಮಿ, ತುಂಡು ಮುಂದಕ್ಕೆ ತಂದು, ಉಗುಳಿ, ಮತ್ತೆ ಅದೇ ಸೀಳಿಗೆ ಕೈ ಚಾಚಿದಳು. ಅಮ್ಮನ ಕೈ ನಡುಗುತ್ತಿತ್ತು, ನನ್ನದೂ.

ಶಬ್ದ ಬರುತ್ತಾ ಇದೆ ಎನ್ನುವುದೇ ಇಲ್ಲಿ ಮುಖ್ಯ. ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದಿನ ದಿನ ಸಿಸ್ಟರ್ ಹತ್ತಿರ ಇದನ್ನೆಲ್ಲ ಕೇಳಿ ತಿಳಿದುಕೊಂಡಿದ್ದೆ. ಓಕರಿಕೆ ಬೇರೆ, ಗಂಟಲು ಕಟ್ಟುವುದು ಬೇರೆ. ಓಕರಿಸುವ ಮಗು ಕೆಮ್ಮುತ್ತದೆ, ಅಳುತ್ತದೆ, ಕೆಂಪಾಗುತ್ತದೆ. ಅದು ದೇಹದ ಕಾವಲು. ಆಗ ಬೆರಳು ಹಾಕಿದರೆ ತುಂಡು ಇನ್ನೂ ಒಳಗೆ ಹೋಗಬಹುದು. ಉಸಿರು ಕಟ್ಟಿದ ಮಗುವಿಗೆ ಕೆಮ್ಮಲು, ಅಳಲು ಆಗುವುದಿಲ್ಲ. ಸದ್ದೇ ಇಲ್ಲ. ತುಟಿ ನೀಲಿ ಆಗುತ್ತಾ ಬರುತ್ತದೆ. ಅದಕ್ಕೇ ಮಗು ತಿನ್ನುವಾಗ ಒಬ್ಬರು ಕಣ್ಣಿಟ್ಟು ಕೂರಬೇಕು. ಅಡುಗೆಮನೆಯಿಂದ ಕಿವಿ ಕೊಟ್ಟರೆ ಸಾಲದು.

ಹಾಗಾದರೆ ಎಂತ ಮಾಡಬೇಕು ಎನ್ನುವುದನ್ನು ಸಿಸ್ಟರ್ ಟವೆಲ್ ಸುತ್ತಿ ಗೊಂಬೆ ಮಾಡಿ ತೋರಿಸಿದರು. ಒಂದು ವರ್ಷದೊಳಗಿನ ಮಗುವನ್ನು ಮೊಣಕೈ ಕೆಳಗಿನ ತೋಳಿನ ಮೇಲೆ ಕವುಚಿ ಮಲಗಿಸಿ, ದವಡೆಯನ್ನು ಹಿಡಿದು, ತಲೆ ಎದೆಗಿಂತ ಕೆಳಗೆ ಬರುವ ಹಾಗೆ ಇಟ್ಟು, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ಹೊಡೆಯಬೇಕು. ಹೊರಗೆ ಬರಲಿಲ್ಲವೋ, ಮಗುವನ್ನು ಮಗುಚಿ, ಎದೆಯ ನಡುಮೂಳೆಯ ಮೇಲೆ, ಮೊಲೆತೊಟ್ಟುಗಳ ಗೆರೆಗಿಂತ ಸ್ವಲ್ಪ ಕೆಳಗೆ 5 ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಅಷ್ಟರಲ್ಲಿ ಇನ್ನೊಬ್ಬರು 108 ಆಂಬುಲೆನ್ಸಿಗೆ ಫೋನ್ ಮಾಡಬೇಕು. ಹೊಟ್ಟೆ ಒತ್ತಬಾರದು. ಕಾಲು ಹಿಡಿದು ತಲೆಕೆಳಗೆ ನೇತಾಡಿಸಬಾರದು. ಕಣ್ಣಿಗೆ ಕಾಣದ ತುಂಡಿಗಾಗಿ ಬಾಯಿಯಲ್ಲಿ ಬೆರಳಾಡಿಸಬಾರದು. ನೀರು ಕುಡಿಸಬಾರದು. ಮಗು ಪ್ರಜ್ಞೆ ತಪ್ಪಿದರೆ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಬೇಕು. ಇದನ್ನು ಓದಿದರೆ ಸಾಲದು, ಯಾರಾದರೂ ತಿಳಿದವರ ಎದುರು ಕೈಯಲ್ಲಿ ಮಾಡಿ ಕಲಿಯಬೇಕು. ನಾನು ಮನೆಗೆ ಬಂದು ಅಮ್ಮ, ಅಪ್ಪ, ಅಜ್ಜಿ ಮೂವರಿಂದಲೂ ದಿಂಬಿನ ಮೇಲೆ ಮಾಡಿಸಿದೆ. ಅಪ್ಪ ಎರಡೆರಡು ಸಲ ಮಾಡಿದರು.

ಈಗ ಗಂಡನ ಮನೆಗೆ, ಮಂಜೇಶ್ವರಕ್ಕೆ ಬಂದಿದ್ದೇವೆ. ಇಲ್ಲಿ ಮನೆ ತುಂಬ ಮಕ್ಕಳು. ತಾವು ತಿನ್ನುವುದನ್ನು ತಂಗಿಗೂ ಕೊಡುವುದು ಅವರ ಪ್ರೀತಿ. ಮಳೆಗಾಲದಲ್ಲಿ ರಸ್ತೆಬದಿಯಲ್ಲಿ ರಂಬುಟಾನ್ ರಾಶಿ ಬಿದ್ದಿರುತ್ತದೆ. ಅದರ ಬೀಜ ಗಂಟಲಿಗೆ ಸಿಕ್ಕಿ ಮಕ್ಕಳು ತೀರಿಕೊಂಡ ಸುದ್ದಿ ಕೇರಳದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಓದಿದಾಗಲೆಲ್ಲ ಎದೆ ಹಿಂಡುತ್ತದೆ. ದುಂಡಗೆ, ಜಾರುವ ತಿರುಳು, ಒಳಗೆ ಗಟ್ಟಿ ಬೀಜ, ಇದಕ್ಕಿಂತ ಅಪಾಯದ ಆಕಾರ ಇಲ್ಲ. ಅತ್ತೆಯ ಹತ್ತಿರ ಕೂತು ಮಾತಾಡಿದೆ. “ಅತ್ತೆ, ಮಕ್ಕಳಿಗೆ ನೀವೇ ಹೇಳಬೇಕು. ನೀವು ಹೇಳಿದರೆ ಕೇಳುತ್ತಾರೆ.” ಅತ್ತೆ ಮಕ್ಕಳನ್ನೆಲ್ಲ ಕರೆದು ಕೂರಿಸಿದರು. ಪಾಪುವಿಗೆ ಏನು ಕೊಡುವುದಾದರೂ ಮೊದಲು ದೊಡ್ಡವರ ಕೈಗೆ ಕೊಡಬೇಕು, ನಡೆದಾಡುವಾಗ ನಗಾಡಿಸುವಾಗ ತಿನ್ನಿಸಬಾರದು ಎಂದರು. ರಂಬುಟಾನ್ ತಿನ್ನುವುದಾದರೆ ಮೇಜಿನ ಹತ್ತಿರ ಕೂತು, ಬೀಜ ಎಲ್ಲ ಬಟ್ಟಲಿಗೆ. ದೊಡ್ಡ ಹುಡುಗ ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾನೆ. ನೆಲದಲ್ಲಿ ಬೀಜ ಬಿದ್ದಿದೆಯಾ ಎಂದು ಹುಡುಕುವ ಕೆಲಸ ಅವನದ್ದು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅದು ಸಣ್ಣ ಕೆಲಸ ಅಲ್ಲ.

ಈ ವಾರ ಪೇರಳೆ ಶುರು ಮಾಡಿದ್ದೇವೆ. ನಡುವಿನ ಬೀಜದ ಭಾಗ ತೆಗೆದು, ಸಿಪ್ಪೆ ಸುಲಿದು, ಬೇಯಿಸಿ, ಜರಡಿಯಲ್ಲಿ ಉಜ್ಜಿ. ಇನ್ನೂ ಅವಳಿಗೆ ಹಿಡಿಸಿಲ್ಲ, ಬಾಯಿ ಬಿಗಿ ಹಿಡಿಯುತ್ತಾಳೆ. ಹೊಸ ರುಚಿ ಒಪ್ಪಲು ಕೆಲವು ಮಕ್ಕಳಿಗೆ ಎಂಟು ಹತ್ತು ಸಲ ಬೇಕಾಗುತ್ತದೆ. ಒತ್ತಾಯ ಇಲ್ಲ, ಒಂದೆರಡು ದಿನ ಬಿಟ್ಟು ಮತ್ತೆ ಬಟ್ಟಲಲ್ಲಿ ಇಡುತ್ತೇನೆ.